ಅಚ್ಚುಮಣೆಯಿಂದ ಕಳಚಿದ ಮೊಳೆ

ಹೆಸರು ಕುಳ್ಳಯ್ಯ. ಆಳು ನೋಡಿದರೆ ಅರಕೆರೆಯಲ್ಲಿ ಯಾವ ಮನೆಯ ಬಾಗಿಲಿಗೂ ತಲೆ ಬಗ್ಗಿಸದೆ ಒಳಗೆ ಹೋಗೋ ಹಂಗಿರಲಿಲ್ಲ. ಆ ಬಾಗಿಲುಗಳಲ್ಲಿ ಅರ್ಧಕ್ಕರ್ಧ ಅವನೇ ಮಾಡಿದ್ದು. ಆದರೂ ಹಣೆ ಬಡಿಸಿಕೊಳ್ಳೋದು ತಪ್ಪುತ್ತಿರಲಿಲ್ಲ. "ನಿನ್ನ ಅಳತೆಗೆ ಒಂದು ಬಾಗ್ಲು ಮಾಡಕ್ಕಾಗ್ದೋನು ಊರಿಗೇನ್ಲಾ ಮಾಡೀಯೆ" ಅಂತ ಜನ ಆಡಿಕೊಳ್ಳೋರು. ಆಡಿಕೊಂಡು ಕೆಲಸ ಮಾತ್ರ ಅವನಿಗೇ ಕೊಡೋರು. ಯಾಕೆ ಅಂದರೆ, ಕುಳ್ಳಯ್ಯ ಮಾಡಿದ ಮಂಚದಲ್ಲಿ ಮೊಳೆ ಎಲ್ಲಿದೆ ಅಂತ ತೋರಿಸೋ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಎರಡು ಮರ ಕೂಡೋ ಕಡೆ ಬೈರಿಗೆಯಿಂದ ತೂತು ಕೊರೆದು, ತೂತಿನ ಬಾಯಿ ಅಗಲ ಮಾಡಿ, ತಿರುಪುಮೊಳೆಯ ತಲೆ ಒಳಕ್ಕೆ ಮುಳುಗೋ ಹಾಗೆ ಬಿಗಿಯೋನು. ಮೇಲೆ ಉಳಿದ ಗುಳಿಗೆ ಅದೇ ಮರದ ಚೂರನ್ನ ಬಿರಡೆ ಹಂಗೆ ಕೆತ್ತಿ, ಮರದ ಎಳೆಗೆ ಎಳೆ ಕೂಡಿಸಿ, ಅಂಟು ಹಚ್ಚಿ ತಟ್ಟೋನು. ಒಣಗಿದ ಮೇಲೆ ಉಳಿಯಿಂದ ಸವರಿ ಉಪ್ಪುಕಾಗದ ತಿಕ್ಕಿದರೆ ಮುಗೀತು, ಬ್ರಹ್ಮ ಬಂದರೂ ಹುಡುಕಲಾರ. ತೂತು ಸಣ್ಣದಾದರೆ ಮರದ ಹೊಟ್ಟಿಗೆ ಅಂಟು ಕಲಸಿ ತುಂಬೋನು. ಹಲಸು, ಬೀಟೆಯಂಥ ಬಣ್ಣದ ಮರವಾದರೆ ಅರಗಿನ ಕಡ್ಡಿ ಕಾಯಿಸಿ ತೊಟ್ಟಿಕ್ಕಿಸಿ, ಅದರ ಮೇಲೆ ಹೊಟ್ಟು ಉದುರಿಸಿ ಹೆಬ್ಬೆರಳಲ್ಲಿ ಒತ್ತೋನು. ಆಮೇಲೆ ಮಂಚದ ಯಜಮಾನನ್ನ ಕರೆದು, "ಹುಡುಕಪ್ಪ, ಕಣ್ಣು ಮುಚ್ಕಂಡು ಬೆರಳಾಡ್ಸಿ ಹುಡುಕು" ಅನ್ನೋನು. ಆತ ಹುಡುಕಿ ಸೋತು ಪೆಚ್ಚಾದಾಗ ಇವನಿಗೆ ಹಬ್ಬದೂಟ ಉಂಡಷ್ಟು ಖುಷಿ.

ತೊಂಬತ್ತನಾಲ್ಕರ ಸಂಕ್ರಾಂತಿ ಕಳೆದಿತ್ತು. ನಾಲೆ ಬಯಲಲ್ಲಿ ಕಬ್ಬು ಕಡಿಯೋ ಕಾಲ. ಆಲೆಮನೆ ಮರಿಸ್ವಾಮಿ ಒಂದು ಹಲಗೆ ಹೊತ್ತುಕೊಂಡು ಕುಳ್ಳಯ್ಯನ ಜಗಲಿಗೆ ಬಂದು ದೊಪ್ಪಂತ ಇಳಿಸಿದ. ಅದು ಬೆಲ್ಲದ ಅಚ್ಚುಮಣೆ. ಹಲಸಿನ ದಪ್ಪ ಹಲಗೆ, ಅದರಲ್ಲಿ ಸಾಲಾಗಿ ಬಟ್ಟಲಿನಂಥ ಗುಳಿ. ಬಿಸಿ ಪಾಕವನ್ನ ಆ ಗುಳಿಗಳಿಗೆ ಹುಯ್ದು, ಗಟ್ಟಿಯಾದ ಮೇಲೆ ಮಣೆ ಬೋರಲು ಹಾಕಿ ಕುಟ್ಟಿದರೆ ಬೆಲ್ಲದ ಅಚ್ಚು ಉದುರುತ್ತವೆ. ತುದಿಯ ಗುಳಿ ಒಂದರ ಒಳಗೋಡೆ ಬಿರುಕು ಬಿಟ್ಟು ಚೂರು ಎದ್ದುಹೋಗಿತ್ತು.

"ನಾಳೆ ಬೆಳಿಗ್ಗೆ ಗಾಣ ಸುರು ಕಣ್ಲಾ ಕುಳ್ಳಯ್ಯ. ಇದಕ್ಕೊಂದು ತೇಪೆ ಹಾಕ್ಕೊಡು. ಚಿನಕುರಳಿ ಚಿಕ್ಕಯ್ಯನತ್ರ ಓಗಾನ ಅಂದ್ರೆ ಅವ್ನು ಕೈ ನೋವು ಅಂತ ಮಲಗವ್ನೆ."

ಈ ಸುತ್ತಿನ ಅಚ್ಚುಮಣೆಯೆಲ್ಲ ಚಿಕ್ಕಯ್ಯನ ಕೈಯವು. ಆತ ಮಣೆಗೆ ಕಬ್ಬಿಣ ಸೋಕಿಸೋನಲ್ಲ, ಬಿದಿರಿನ ಗೂಟವನ್ನೇ ಹೊಡೆಯೋನು. ಮರಿಸ್ವಾಮಿ ಅದನ್ನೂ ಹೇಳಿದ. "ಅವ್ನನ್ನ ಒಂದ್ ಮಾತು ಕೇಳ್ಕಂಡು ಮಾಡ್ಲಾ."

ಕುಳ್ಳಯ್ಯನಿಗೆ ಮೂಗಿನ ಮೇಲೆ ಕೋಪ. "ಅಚ್ಚುಮಣೆ ಏನು ಆಕಾಸದಿಂದ ಬಿದ್ದದ್ದಾ? ಮರ ಮರಾನೇ. ಮಡಗ್ಬುಟ್ಟು ಓಗು, ಸಂಜೆಗೆ ಬಾ."

ಹಲಸಿನ ಚೂರೊಂದನ್ನ ಬಿರುಕಿನ ಜಾಗಕ್ಕೆ ಸರಿಯಾಗಿ ಕೆತ್ತಿ ಕೂರಿಸಿದ. ಗುಳಿಯ ಒಳಗಿನಿಂದಲೇ ಎರಡು ಗಿಡ್ಡ ತಿರುಪುಮೊಳೆ ಬಿಗಿಯೋದು ಅಂತ ಲೆಕ್ಕ. ಮೊದಲನೇದು ಬಿಗಿಯಾಗಿ ಕೂತಿತು. ಎರಡನೇದಕ್ಕೆ ಬೈರಿಗೆ ಜಾರಿ ತೂತು ದೊಡ್ಡದಾಗಿಬಿಟ್ಟಿತು. ಥೂ ಅಂತ ಬೈದುಕೊಂಡು, ಬೆಂಕಿಕಡ್ಡಿ ಮುರಿದು ತೂತಿಗೆ ತುರುಕಿ, ಅದರೊಳಗೇ ಮೊಳೆ ತಿರುಗಿಸಿದ. ಮಂಚಕ್ಕೆ, ಬಾಗಿಲಿಗೆ ಎಷ್ಟು ಸಲ ಹೀಗೆ ಮಾಡಿಲ್ಲ! ಮೊಳೆಗಳ ತಲೆ ಮೇಲೆ ಅರಗು ತೊಟ್ಟಿಕ್ಕಿಸಿ ಹೊಟ್ಟು ಒತ್ತಿದ. ಸಂಜೆ ಮರಿಸ್ವಾಮಿ ಗುಳಿಯೊಳಗೆಲ್ಲ ಬೆರಳಾಡಿಸಿ, "ಎಲ್ಲಿ ಬಿರುಕಿತ್ತು ಅನ್ನೋದೇ ಗೊತ್ತಾಗಕಿಲ್ವಲ್ಲೋ" ಅಂತ ಬಾಯಿ ಬಿಟ್ಟ. ತೇಪೆಯ ಅಂಚು ಕೂದಲೆಳೆಯಷ್ಟು ಕಾಣುತ್ತಿತ್ತು. ಮೊಳೆಯಂತೂ ಇಲ್ಲವೇ ಇಲ್ಲ.

ಮಾರನೇ ದಿನ ಹೊತ್ತೇರಿದ ಮೇಲೆ ಕುಳ್ಳಯ್ಯ ಕಬ್ಬಿನಹಾಲು ಕುಡಿಯೋ ಆಸೆಗೆ ಆಲೆಮನೆಗೆ ಹೋದ. ಒಲೆ ಭುಗಿಲು ಭುಗಿಲು ಉರೀತಿತ್ತು. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಅಂತಿತ್ತು. ತೊಳೆದ ಅಚ್ಚುಮಣೆಗಳನ್ನ ಗೋಡೆಗೆ ಒರಗಿಸಿದ್ದರು. ತನ್ನ ಕೆಲಸ ನೋಡೋಣ ಅಂತ ಬಗ್ಗಿದ.

ಅರಗು ಇರಲಿಲ್ಲ.

ಬಿಸಿ ಪಾಕಕ್ಕೆ ಕರಗಿ ಹೋಗಿತ್ತು. ಕರಗದೆ ಇನ್ನೇನಾದೀತು? ಮಂಚದ ಮೇಲೆ ಮನುಷ್ಯ ಮಲಗುತ್ತಾನೆ, ಕುದಿಯೋ ಪಾಕ ಹುಯ್ಯಲ್ಲ. ಒಂದು ಮೊಳೆಯ ತಲೆ ಪಿಳಿಪಿಳಿ ಹೊಳೀತಿತ್ತು. ಇನ್ನೊಂದರ ಜಾಗದಲ್ಲಿ ಬರೀ ತೂತು. ಕಿರುಬೆರಳ ಉಗುರು ಹಾಕಿ ನೋಡಿದ. ಒಂದು ಬೆಂಕಿಕಡ್ಡಿ ಚೂರು ಬೆರಳಿಗೆ ಅಂಟಿಕೊಂಡು ಬಂತು. ಬಿಸಿ ಪಾಕ ತೂತಿಗೆ ಇಳಿದು, ಕಡ್ಡಿ ಸಡಿಲವಾಗಿ ಮೊಳೆ ಪಾಕದೊಳಕ್ಕೇ ಜಾರಿದೆ. ಮಣೆ ಬೋರಲು ಹಾಕಿ ಕುಟ್ಟಿದಾಗ ಗಟ್ಟಿಯಾದ ಬೆಲ್ಲವೇ ಇಕ್ಕಳದ ಹಾಗೆ ಅದನ್ನ ಒಳಗೆ ಕಚ್ಚಿಕೊಂಡು ಹೋಗಿದೆ.



ಗೋಣಿತಾಟಿನ ಮೇಲೆ ಹರವಿದ್ದ ಅಚ್ಚುಗಳ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದ. ಆ ಗುಳಿಯಲ್ಲಿ ಬಿದ್ದ ಬೆಲ್ಲದ ಮೇಲೆ ತೇಪೆಯ ಗೆರೆ ಸಣ್ಣಗೆ ಮೂಡಿರುತ್ತಿತ್ತು, ಗುರುತು ಹಿಡಿಯೋದು ಕಷ್ಟವಾಗಲಿಲ್ಲ. ಗೆರೆ ಇದ್ದ ಪ್ರತಿ ಅಚ್ಚಿನ ಮೇಲೂ, ತೂತಿಗೆ ಇಳಿದ ಬೆಲ್ಲದ್ದು, ಹೆಸರುಕಾಳಿನಷ್ಟು ಗುಬುಟು. ಅಂದರೆ ಇವೆಲ್ಲ ಹುಯ್ಯುವಾಗಲೇ ತೂತು ಖಾಲಿಯಾಗಿತ್ತು. ಮೊಳೆ ಹೋಗಿರೋದು ಅದಕ್ಕೂ ಮುಂಚೆ.

"ಮರಿಸ್ವಾಮಣ್ಣ, ಮೊದಲ್ನೇ ಪಾಕದ್ದು ಎಲ್ಲದೆ?"

"ಅದೆಲ್ಲಿದ್ದದು? ಅಂಚ್ಬುಟ್ಟಾಯ್ತು. ಮೊದಲ್ ಪಾಕ ಯಾರಾದ್ರೂ ಮಾರ್ತಾರ್ಲಾ? ನಮ್ಮ ಬೀದೀಲಿ ಮನೆಗೊಂದು ಅಚ್ಚು ಕೊಟ್ಬಂದೆ. ನಿಂಗೂ ಬೇಕಿತ್ತಾ? ತಗೋ, ಇಲ್ಲೇ ಅದೆಯಲ್ಲ."

ಆಗಲೇ ಹೇಳಬಹುದಿತ್ತು. 'ಅಣ್ಣ, ಅದರೊಳಗೆ ಮೊಳೆ ಐತೆ' ಅಂದಿದ್ದರೆ ಮುಗೀತಿತ್ತು. ಆದರೆ ಹೇಳಿದರೆ ಮರಿಸ್ವಾಮಿ ಅಲ್ಲೇ ಕಬ್ಬಿನ ಜಲ್ಲೆ ತಗೊಂಡು ಬಾರಿಸೋದು ಖಂಡಿತ. ಅದಕ್ಕಿಂತ ಹೆಚ್ಚಾಗಿ, ಊರೆಲ್ಲ ಹೇಳಿಕೊಂಡು ನಗುತ್ತಾರಲ್ಲ! ಸುಮ್ಮನೆ ಹೋಗಿ ಆ ಅಚ್ಚು ಹುಡುಕಿ, ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡರೆ ನರಪಿಳ್ಳೆಗೂ ಗೊತ್ತಾಗಲ್ಲ ಅಂದುಕೊಂಡ. ಮುಚ್ಚಿಡೋದು ಅವನಿಗೆ ಕೈಗೆ ಬಂದ ವಿದ್ಯೆ.

ಬೀದಿಯ ಮೊದಲ ಮನೆಗೆ ಹೋದ. "ಮರಿಸ್ವಾಮಣ್ಣನ ಬೆಲ್ಲ ಒಸಿ ತೋರ್ಸವ್ವ. ಮಣೆ ರಿಪೇರಿ ಮಾಡಿದ್ನಲ್ಲ, ಅಚ್ಚು ಎಂಗೆ ಬಿದ್ದದೆ ನೋಡ್ಬೇಕಿತ್ತು." ಆಯಮ್ಮ ತಂದು ತೋರಿಸಿದಳು. ಗೆರೆ ಇಲ್ಲ. ಎರಡನೇ ಮನೆ. ಅಲ್ಲಿ ಅಚ್ಚು ಒಡೆದು ಡಬ್ಬಿಗೆ ಹಾಕಿದ್ದರು. ಚೂರು ಚೂರನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಏನೋ ಕುಳ್ಳಯ್ಯ, ಎಣ್ಣು ನೋಡಕ್ಕೆ ಬಂದೋನಂಗೆ ಬೆಲ್ಲಾನ ಇಂದೆ ಮುಂದೆ ತಿರುಗ್ಸಿ ನೋಡ್ತಿದ್ದೀಯಲ್ಲ! ಒಪ್ಪಿಗೆಯಾ?" ಅಂತ ಒಳಗಿನಿಂದ ಯಾರೋ ನಕ್ಕರು. ಅವನೂ ಹಲ್ಲು ಬಿಟ್ಟ.  ಒಂದು ಮನೆಯಲ್ಲಿ ಮಗು ಬೆಲ್ಲ ಚೀಪುತ್ತಾ ಹೊಸ್ತಿಲ ಮೇಲೆ ಕೂತಿತ್ತು. ಬಾಯೊಳಗೆ ಬೆರಳು ಹಾಕಿ ಬೆಲ್ಲ ತೆಗೆದ. ಅದು ಬೀದಿ ಕಿತ್ತುಹೋಗೋ ಹಂಗೆ ಕಿರುಚಿತು. ಮಗುವಿನ ತಾಯಿ ಪೊರಕೆ ಹಿಡಿದುಕೊಂಡು ಬಂದಳು. "ಥೂ ನಿನ್ನ, ಕೂಸಿನ ಬಾಯಿಂದ ಕಿತ್ಕಳ ಗತಿ ಬಂತಾ ನಿಂಗೆ!" ಬೈಸಿಕೊಂಡ. ಅದರಲ್ಲೂ ಗೆರೆ ಇರಲಿಲ್ಲ.

ಕೊನೆಗೆ ಉಳಿದದ್ದು ದ್ಯಾವಮ್ಮನ ಮನೆ.

ದ್ಯಾವಮ್ಮ ಬೀದಿಗೆಲ್ಲ ಹಿರಿಯಳು. ಬಾಯಲ್ಲಿ ಒಂದು ಹಲ್ಲಿಲ್ಲ, ಮಾತಿಗೆ ಮಾತ್ರ ಹಲ್ಲು ಜಾಸ್ತಿ. ಕುಳ್ಳಯ್ಯನ ಹೆಂಡತಿ ಮುತ್ತಮ್ಮನ ಮೂರು ಹೆರಿಗೆ ಮಾಡಿಸಿದ ಕೈ ಅದು. ಜಗಲಿ ಮೇಲೆ ಕಾಲು ಚಾಚಿ ಕೂತು, ಒಂದು ದವಡೆ ಉಬ್ಬಿಸಿಕೊಂಡಿದ್ದಳು. ಪಕ್ಕದಲ್ಲಿ ಮುತ್ತುಗದ ಎಲೆಯ ಮೇಲೆ ಒಡೆದ ಅಚ್ಚು.

ಕುಳ್ಳಯ್ಯ ಮಾತಾಡದೆ ಒಂದು ಚೂರು ಎತ್ತಿದ. ಗೆರೆ ಇತ್ತು. ಗೆರೆಯ ಪಕ್ಕದಲ್ಲಿ ಅರಗಿನ ಕಲೆ. ಕಲೆಯ ಕೆಳಗೆ ಸಣ್ಣ ಕೊಳವೆಯ ಅರ್ಧ, ಅದರ ಗೋಡೆಯ ಮೇಲೆ ಸುರುಳಿ ಸುರುಳಿಯಾಗಿ ತಿರುಪಿನ ಅಚ್ಚು ಮೂಡಿತ್ತು. ಮೊಳೆ ಮಲಗಿ ಎದ್ದುಹೋದ ಹಾಸಿಗೆ ಅದು.

"ಅಜ್ಜಿ, ಬಾಯಲ್ಲೇನದೆ?"

"ಬೆಲ್ಲ ಕಣ್ಲಾ. ಇನ್ನೇನು, ಬಂಗಾರ ಇಟ್ಕಂಡಿದ್ದೀನಾ?"

"ಗಟ್ಟಿಗೆ... ಏನಾದ್ರೂ ಸಿಕ್ತಾ?"

"ಊಂ, ಆಗ್ಲೇ ಒಂದು ಚೂರು ಕೊಬ್ರಿ ಸಿಕ್ತು. ಮರಿಸ್ವಾಮಿ ನನಗೇ ಅಂತ ಆಕ್ಸವ್ನೆ ಅಂದ್ಕಂಡೆ. ಅಗಿಯಕ್ಕೆ ಬಾಯಲ್ಲಿ ಅಲ್ಲು ಎಲ್ಲದೆ? ನುಂಗ್ಬುಟ್ಟೆ. ಯಾಕ್ಲಾ ಇಂಗೆ ಬೆವರ್ತಿದ್ದೀಯೆ?"

"ಏನಿಲ್ಲಜ್ಜಿ" ಅಂದ. ಅಂದು ಎದ್ದು ಹೊರಟೇಬಿಟ್ಟ.

ಕಾಲು ಎಲ್ಲಿಗೆ ಒಯ್ಯುತ್ತಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಬಸ್‌ಸ್ಟಾಂಡಿನ ಹತ್ತಿರ ಬಂದಾಗ ಗೊತ್ತಾಯಿತು. ಪಟ್ಟಣದ ಬಸ್ಸು ಹತ್ತೋದು, ಅಲ್ಲಿಂದ ನಾಗಮಂಗಲದ ಕಡೆ ಮಾವನ ಮನೆಗೆ ಹೋಗಿ ಸ್ವಲ್ಪ ದಿನ ಇದ್ದುಬಿಡೋದು. ಅಷ್ಟರಲ್ಲಿ ಏನಾಗುತ್ತೋ ಆಗಲಿ. ಮೊಳೆ ನುಂಗಿದ ಎತ್ತನ್ನ ಅವನು ಕಂಡಿದ್ದ. ಮೇವು ಬಿಟ್ಟು, ಬೆನ್ನು ಬಿಲ್ಲು ಮಾಡಿಕೊಂಡು, ನರಳಿ ನರಳಿ ಸತ್ತಿತ್ತು. ದನದ ಡಾಕ್ಟರು ಕುಯ್ದು ತೋರಿಸೋ ತನಕ ಯಾರಿಗೂ ಕಾರಣ ತಿಳಿದಿರಲಿಲ್ಲ. ಎತ್ತಾದರೆ ಕುಯ್ದು ನೋಡುತ್ತಾರೆ. ಮುದುಕಿಯನ್ನ ಯಾರು ಕುಯ್ಯುತ್ತಾರೆ? ವಯಸ್ಸಾಗಿತ್ತು, ಹೊಟ್ಟೆನೋವು ಬಂತು, ಹೋದಳು ಅಂತಾರೆ. ಮೊಳೆ ಅವಳ ಜೊತೆಗೇ ಮಣ್ಣಿಗೆ ಹೋಗುತ್ತದೆ. ಕೊನೇ ತನಕ ಯಾರಿಗೂ ಗೊತ್ತಾಗಲ್ಲ.

ಕುಳ್ಳಯ್ಯನಿಗೆ ಸಿಕ್ಕಿಬೀಳುವ ಹೆದರಿಕೆ ಅಷ್ಟು ಹೊತ್ತೂ ಇತ್ತು. ಈಗ ಬಂದದ್ದು ಬೇರೆ ತರದ್ದು. ಯಾವತ್ತೂ ಸಿಕ್ಕಿಬೀಳದೆ ಇದನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕಬೇಕಲ್ಲ ಅನ್ನೋ ಹೆದರಿಕೆ. ಬಸ್ಸು ಬಂತು. ಕಂಡಕ್ಟರು "ಹತ್ತಪ್ಪೋ ಉದ್ದಣ್ಣ" ಅಂದ. ಹತ್ತಲಿಲ್ಲ. ಪಂಚೆ ಮೇಲೆ ಕಟ್ಟಿಕೊಂಡು ದ್ಯಾವಮ್ಮನ ಮನೆ ಕಡೆ ಓಡಿದ.

ಬಾಗಿಲಲ್ಲಿ ದ್ಯಾವಮ್ಮನ ಮಗ ದೇವರಾಜು ಇದ್ದ. ಕುಳ್ಳಯ್ಯ ಏದುಸಿರು ಬಿಡುತ್ತಾ, ಬೀದಿಗೆಲ್ಲ ಕೇಳೋ ಹಂಗೆ ಕೂಗಿದ. "ದೇವರಾಜು, ನಿಮ್ಮವ್ವ ನುಂಗಿದ್ದು ಕೊಬ್ರಿ ಅಲ್ಲ ಕಣಪ್ಪ. ನನ್ನ ಮೊಳೆ. ಅಚ್ಚುಮಣೆಗೆ ನಾನು ಬಿಗಿದಿದ್ದ ತಿರುಪುಮೊಳೆ."

ದೇವರಾಜುಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೆನ್ನೆಗೆ ಬಾರಿಸಿದ. ಕುಳ್ಳಯ್ಯ ಉದ್ದ ಆಳು, ಏಟು ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಸೊಸೆ ಹೇಮ ಒಳಗಿನಿಂದ ಓಡಿಬಂದು ಬಾಯಿಗೆ ಸೆರಗಿಟ್ಟುಕೊಂಡು ಅಳೋಕೆ ಶುರು ಮಾಡಿದಳು. ಜನ ಸೇರಿದರು. ಎಲ್ಲರೂ ತಮ್ಮ ತಮ್ಮ ಬಾಯಿ ಮುಟ್ಟಿ ನೋಡಿಕೊಳ್ಳೋರೇ.

ಜಗಲಿ ಮೇಲಿದ್ದ ದ್ಯಾವಮ್ಮ ಬಾಯಲ್ಲಿದ್ದ ಬೆಲ್ಲ ಪೂರಾ ಕರಗಿಸಿ ನುಂಗಿ, ಆಮೇಲೆ ಕೇಳಿದಳು. "ಎಷ್ಟುದ್ದ ಇತ್ಲಾ?"

ಕುಳ್ಳಯ್ಯ ಬೆರಳಲ್ಲಿ ತೋರಿಸಿದ. ಅರ್ಧ ಇಂಚೂ ಇರಲಿಲ್ಲ.

"ಅಷ್ಟಕ್ಕೇ ಊರು ಸೇರ್ಸಿದ್ದೀಯಾ ಮುಂಡೇದೆ. ಊರೋರ ಮಂಚಕ್ಕೆಲ್ಲ ಬಿಗಿದು ಸಾಕಾಗಿ ನನ್ನ ಒಟ್ಟೆಗೂ ಒಂದು ಬಿಗಿದ್ಯಾ?"



ಮರಿಸ್ವಾಮಿಯ ಮೆಟಡೋರಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಕುಳ್ಳಯ್ಯ ಹಿಂದೆ, ಸ್ಟೆಪ್ನಿ ಟೈರಿನ ಮೇಲೆ ಕೂತಿದ್ದ.  ಗುಂಡಿ ಬಂದು ಗಾಡಿ ಎಗರಿದಾಗಲೆಲ್ಲ ಅವನು ಮುದುಕಿಯ ಮುಖ ನೋಡೋನು. ದೂರದಲ್ಲಿ ಕರಿಘಟ್ಟದ ಗುಡಿ ಕಂಡಾಗ ಬಾಯಲ್ಲೇ ಏನೋ ಹರಕೆ ಕಟ್ಟಿಕೊಂಡ. ಡಾಕ್ಟರು ಹೊಟ್ಟೆಯ ಎಕ್ಸರೇ ತೆಗೆಸಿ ಬೆಳಕಿಗೆ ಹಿಡಿದರು. ಬೂದುಬಣ್ಣದ ಮಬ್ಬಿನೊಳಗೆ ಒಂದು ಬೆಳ್ಳನೆ ಗೆರೆ. ತಲೆ, ತಿರುಪು, ಮೊನೆ, ಎಲ್ಲ ಬರೆದಿಟ್ಟಂಗೆ ಕಾಣುತ್ತಿತ್ತು.  ಕುಳ್ಳಯ್ಯ ಬಿಗಿದ ಮೊಳೆ ಬೇರೆಯವರ ಕಣ್ಣಿಗೆ ಕಂಡದ್ದು ಅದೇ ಮೊದಲು.

"ಜಠರ ದಾಟಿ ಮುಂದೆ ಹೋಗಿದೆ" ಅಂದರು ಡಾಕ್ಟರು. "ಈಗ ಕುಯ್ಯೋದು ಬೇಡ. ಇಷ್ಟು ಗಿಡ್ಡದ್ದು ಸಾಮಾನ್ಯವಾಗಿ ತಾನೇ ಆಚೆ ಬರುತ್ತೆ. ಮೊನೆ ಇರೋದ್ರಿಂದ ಎಲ್ಲಾದರೂ ಚುಚ್ಚಿದ್ರೆ ಮಾತ್ರ ಕಷ್ಟ. ನೋವು, ಜ್ವರ, ವಾಂತಿ, ರಕ್ತ, ಯಾವುದು ಕಂಡ್ರೂ ಒಂದು ಗಳಿಗೆ ಕಾಯದೆ ಮೈಸೂರಿಗೆ ಕರ್ಕೊಂಡು ಹೋಗಿ. ಆಚೆ ಬಂತೋ ಇಲ್ವೋ ಅಂತ ಪ್ರತಿ ಸಲಾನೂ ನೋಡ್ಲೇಬೇಕು."

"ಏನ್ ನೋಡೋದು?" ಅಂದಳು ದ್ಯಾವಮ್ಮ.

ಡಾಕ್ಟರು ಬಿಡಿಸಿ ಹೇಳಿದರು. ಮುದುಕಿ ಕೆಂಡವಾದಳು. "ಕಟ್ಕಂಡ ಗಂಡನೂ ನೋಡಿಲ್ಲ. ನಾನು ನಾಲೆ ಏರಿ ಮೇಲೆ ಓಗೋಳು. ಅಲ್ಲಿಗೆ ಯಾವಳಾದ್ರೂ ಕಡ್ಡಿ ಇಡ್ಕಂಡು ಇಂದೆ ಬಂದ್ರೆ ಚೊಂಬಲ್ಲಿ ಒಡೀತೀನಿ!"

ಮನೆಗೆ ಬಂದ ಮೇಲೂ ಅದೇ ಹಟ. ಹೇಮ ಕಾಲು ಹಿಡಿದಳು, ದೇವರಾಜು ಗದರಿದ, ಆಗಲ್ಲ ಅಂದರೆ ಆಗಲ್ಲ. ಇದೆಲ್ಲ ಕೇಳಿಸಿಕೊಂಡು ಕುಳ್ಳಯ್ಯ ತನ್ನ ಮನೆಗೆ ಹೋದ. ಮುತ್ತಮ್ಮ ಇಟ್ಟ ಮುದ್ದೆ ಮುಟ್ಟಲಿಲ್ಲ. ಉಳಿ, ಗರಗಸ ತಗೊಂಡು ಕೂತ. ನಾಲ್ಕು ಕಾಲಿನ ಒಂದು ಎತ್ತರದ ಮಣೆ, ನಡುವೆ ದುಂಡಗೆ ತೂತು, ಹಿಡಿದುಕೊಂಡು ಏಳೋಕೆ ಎರಡು ಕಡೆ ಕೈ, ಕೆಳಗೆ ಒಂದು ಬೋಗುಣಿ ಕೂರೋ ಜಾಗ. ಎರಡು ಸಲ ಗೆರೆ ತಪ್ಪಿತು. ಮೊಳೆ ಡಬ್ಬಿಯನ್ನ ಮುಟ್ಟಲಿಲ್ಲ. ಕಾಲಿಗೆ ಕಚ್ಚು ಹೊಡೆದು, ಬಿದಿರು ಸೀಳಿ ಗೂಟ ಮಾಡಿ, ಮರಕ್ಕೆ ಮರವನ್ನೇ ಬಿಗಿದ. ಗೂಟದ ತಲೆಗಳು ಹೊರಕ್ಕೆ ಹಂಗೇ ಕಾಣುತ್ತಿದ್ದವು. ಸವರಲೂ ಇಲ್ಲ, ಮುಚ್ಚಲೂ ಇಲ್ಲ.

ಹೊತ್ತು ಮುಳುಗೋ ಮುಂಚೆ ಅದನ್ನ ಹೊತ್ತುಕೊಂಡು ದ್ಯಾವಮ್ಮನ ಹಿತ್ತಿಲಿಗೆ ಬಂದ. ಅಡಿಕೆ ಸೋಗೆ ಕಟ್ಟಿದ ಬಚ್ಚಲ ಮರೆಯಲ್ಲಿ ಇಳಿಸಿದ.

"ಓಹೋ, ಸಿಮ್ಮಾಸನ ತಂದವ್ನೆ ನೋಡ್ರವ್ವ" ಅಂದಳು ಮುದುಕಿ.

"ಅಜ್ಜಿ, ಇಲ್ಲಿ ನಿನ್ನ ಯಾರೂ ನೋಡಕಿಲ್ಲ. ನೀನು ಎದ್ದು ಒಳಕ್ಕೆ ಓದ್ಮೇಲೆ ನಾನು ಬೋಗುಣಿ ತಗೀತೀನಿ. ನಾನೇ ತೊಳ್ದು ನೋಡ್ತೀನಿ. ಬೇರೆ ಯಾರೂ ಮುಟ್ಟೋದು ಬ್ಯಾಡ."

ದ್ಯಾವಮ್ಮ ಅವನ ಮುಖವನ್ನೇ ನೋಡಿದಳು. ಕೆನ್ನೆ ಮೇಲೆ ದೇವರಾಜುವಿನ ಬೆರಳು ಇನ್ನೂ ಮೂಡಿತ್ತು. "ಮಳ್ಳು ನನ್ ಮಗ್ನೆ" ಅಂದಳು. ಒಪ್ಪಿದ್ದು ಅಂತ ಅದರಲ್ಲೇ ಗೊತ್ತಾಯಿತು.

ಆಮೇಲೆ ಕಾಯೋದು ಶುರುವಾಯಿತು. ಡಾಕ್ಟರು ಎಂದಿನ ಊಟವೇ ಸಾಕು ಅಂದಿದ್ದರು. ಊರಿನವರು ಕೇಳಬೇಕಲ್ಲ! ಬಾಳೆಹಣ್ಣು ತಿನ್ನಿಸಿ ಅಂದರು, ಮುದ್ದೆ ನುಂಗಿಸಿ ಅಂದರು, ನಾರಿರೋ ಸೊಪ್ಪು ಹಾಕಿ, ಮೊಳೆಗೆ ಸುತ್ತಿಕೊಳ್ಳುತ್ತೆ ಅಂದರು. ಹೇಮ ಎಲ್ಲ ಮಾಡಿದಳು. ಕುಳ್ಳಯ್ಯ ಕೆಲಸ ಬಿಟ್ಟು ಹಿತ್ತಿಲ ನುಗ್ಗೆಮರದ ಕೆಳಗೆ ಕೂತುಬಿಟ್ಟ. ಮುದುಕಿ ಕೆಮ್ಮಿದರೆ ಎದ್ದು ನಿಲ್ಲೋನು. ಮಗ್ಗುಲು ಬದಲಿಸಿ 'ಅಮ್ಮಾ' ಅಂದರೆ ಗೋಡೆಗೆ ಕಿವಿ ಇಡೋನು. ಕಣ್ಣು ಮುಚ್ಚಿದರೆ ಎಕ್ಸರೇಯ ಬೆಳ್ಳನೆ ಮೊನೆ, ಅದು ತಿರುಗುತ್ತಿದೆ, ಒಳಕ್ಕೆ ಬಿಗಿಯುತ್ತಿದೆ. ತಿರುಪುಮೊಳೆ ಅಲ್ಲವೇ, ಬಿಗಿಯೋದೇ ಅದರ ಗುಣ ಅನ್ನಿಸೋದು.

ಬೋಗುಣಿ ತೆಗೆದು ಬಾವಿಕಟ್ಟೆಯಿಂದ ದೂರ ಒಯ್ದು, ನೀರು ಹುಯ್ದು ಹುಯ್ದು ಕಡ್ಡಿಯಿಂದ ಕೆದಕಿ ನೋಡಿದ. ಮೊದಲ ಸಲ ಏನೂ ಇಲ್ಲ. ಮತ್ತೆ ನೋಡಿದ, ಇಲ್ಲ. ಒಂದು ಸಲ ಹುಣಸೆಬೀಜದ ಚೂರು ಸಿಕ್ಕಿ ಮೊಳೆಯೇ ಅಂತ ಕೂಗಿಬಿಟ್ಟ. ಹೇಮ ಓಡಿಬಂದು ನೋಡಿ ಪೆಚ್ಚಾಗಿ ಹೋದಳು. ಆಮೇಲೆ ಒಂದು ಬೆಳಿಗ್ಗೆ ದ್ಯಾವಮ್ಮ ಏಳಲಿಲ್ಲ. "ಒಕ್ಕುಳ ಕೆಳಗೆ ಚುಳುಕ್ ಅಂತದೆ" ಅಂದಳು. ದನಿಯಲ್ಲಿ ಎಂದಿನ ಕೊಬ್ಬಿರಲಿಲ್ಲ. ಕೈ ಹಿಡಿದರೆ ಬೆಚ್ಚಗಿತ್ತು. ದೇವರಾಜು ಮೆಟಡೋರು ತರಲು ಓಡಿದ. ಓಡುವ ಮುಂಚೆ ಕುಳ್ಳಯ್ಯನ ಕಡೆ ತಿರುಗಿ, "ನಮ್ಮವ್ವನಿಗೆ ಏನಾದ್ರೂ ಆಗ್ಲಿ, ನಿನ್ನ ಇಲ್ಲೇ ಊತಾಕ್ತೀನಿ" ಅಂದ. ಕುಳ್ಳಯ್ಯ ತಲೆ ಅಲ್ಲಾಡಿಸಿದ. ಅದು ಸರಿಯಾದ ಮಾತು ಅಂತಲೇ ಅವನಿಗೂ ಅನ್ನಿಸಿತು.

ಗಾಡಿ ಬರೋ ಅಷ್ಟರಲ್ಲಿ ಮುದುಕಿ ಹೇಮಳ ಭುಜ ಹಿಡಿದು ಎದ್ದಳು. "ಒಸಿ ಇತ್ತಿಲಿಗೆ ಕರ್ಕಂಡ್ ಓಗವ್ವ." ಬಚ್ಚಲ ಮರೆಯಲ್ಲಿ ಬಹಳ ಹೊತ್ತು ಕೂತಳು. ನರಳೋದು ಕೇಳಿಸುತ್ತಿತ್ತು. ಕುಳ್ಳಯ್ಯ ನುಗ್ಗೆಮರಕ್ಕೆ ಹಣೆ ಒತ್ತಿಕೊಂಡು ನಿಂತಿದ್ದ. ಆಮೇಲೆ ಒಳಗಿನಿಂದ, ತಗಡಿನ ಬೋಗುಣಿಗೆ ಏನೋ ತಗುಲಿದ ಸದ್ದು. ಟಿಣ್ ಅಂತ, ಅಷ್ಟೇ.

ಅವನು ಮುದುಕಿ ಒಳಕ್ಕೆ ಹೋಗಲಿ ಅಂತಲೂ ಕಾಯಲಿಲ್ಲ. ಹೇಮ ಅತ್ತೆಯನ್ನ ಎತ್ತಿ ನಿಲ್ಲಿಸುತ್ತಿದ್ದಂಗೆ ನುಗ್ಗಿ ಬೋಗುಣಿ ಎಳೆದುಕೊಂಡ. ಕಡ್ಡಿ ಎಲ್ಲಿ ಅಂತ ಹುಡುಕದೆ ಬರೀ ಕೈ ಹಾಕಿದ. ಸಿಕ್ಕಿತು. ನೀರಿಗೆ ಹಿಡಿದು ತಿಕ್ಕಿದ. ತಲೆಯ ಸೀಳಿನಲ್ಲಿ ಅರಗು ಇನ್ನೂ ಚೂರು ಕಚ್ಚಿಕೊಂಡಿತ್ತು. ಬೊಗಸೆಯಲ್ಲಿ ಇಟ್ಟುಕೊಂಡು ಅಲ್ಲೇ ಕುಸಿದು ಕೂತು, ಅಷ್ಟುದ್ದದ ಗಂಡಸು, ಬಾಯಿ ಬಿಟ್ಟು ಅತ್ತ.

ಆದರೂ ಪಟ್ಟಣಕ್ಕೆ ಹೋಗಿ ತೋರಿಸಿಕೊಂಡು ಬಂದರು. ಒಳಗೆ ಗಾಯ ಇಲ್ಲ, ರಕ್ತ ಇಲ್ಲ, ಜ್ವರ ಇಳಿಯುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ದೇವರಾಜು ಕುಳ್ಳಯ್ಯನಿಗೆ ಒಂದು ಬೀಡಿ ಕೊಟ್ಟ. 

ಸಂಜೆ ದ್ಯಾವಮ್ಮ ಜಗಲಿಗೆ ಬಂದು ಕಾಲು ಚಾಚಿದಳು. "ಹೇಮ, ಒಂದು ಚೂರು ಬೆಲ್ಲ ತತ್ತಾ."

ಹೇಮ ಅತ್ತೆಯನ್ನೂ ಜಗಲಿ ಕೆಳಗೆ ಕೂತಿದ್ದ ಕುಳ್ಳಯ್ಯನನ್ನೂ ನೋಡಿದಳು. ಆ ಬೀದಿಯಲ್ಲಿ ಅವತ್ತಿನಿಂದ ಯಾರೂ ಮರಿಸ್ವಾಮಿಯ ಬೆಲ್ಲ ಮುಟ್ಟಿರಲಿಲ್ಲ. ಕೊನೆಗೆ ತಂದು ಎಲೆಯ ಮೇಲಿಟ್ಟಳು. ಮುದುಕಿ ಒಂದು ಚೂರು ಮುರಿದಳು, ಬಾಯಿಗೆ ಮಾತ್ರ ಒಯ್ಯಲಿಲ್ಲ. ಕುಳ್ಳಯ್ಯನ ಕಡೆ ಚಾಚಿದಳು.

"ಮೊದಲು ನೀನು ತಿನ್ನು. ಬಾಯಲ್ಲಿ ಅಲ್ಲು ಇರೋನು ನೀನು. ಚೆನ್ನಾಗಿ ಅಗಿದು ಏನೂ ಇಲ್ಲ ಅಂತ ಏಳು, ಆಮೇಲೆ ನಾನು ತಿಂತೀನಿ."

ಕುಳ್ಳಯ್ಯ ಕೈಚಾಚಿ ತಗೊಂಡ. ಬಾಯಿಗೆ ಹಾಕಿಕೊಂಡ. ಹಲ್ಲು ಊರೋಕೆ ಧೈರ್ಯ ಬರಲಿಲ್ಲ. ನಾಲಿಗೆಯಿಂದ ಒಂದು ಕಡೆ ತಳ್ಳಿದ, ಇನ್ನೊಂದು ಕಡೆ ತಳ್ಳಿದ, ಮೆಲ್ಲಗೆ ಕಚ್ಚಿದ. ಮುದುಕಿ ಕಣ್ಣು ಕಿರಿದು ಮಾಡಿಕೊಂಡು ಅವನ ದವಡೆಯನ್ನೇ ನೋಡುತ್ತಾ ಕೂತಿದ್ದಳು.